ಹತ್ತು ನಿಮಿಷದ ಗೆರೆ

ಇಂದಿನ ಮಾತಿಗೆ ನಾವು ಆರಿಸಿಕೊಂಡಿರುವ ವಿಷಯವು ನೋಟಕ್ಕೆ ಅಲ್ಪವಾದುದು. ದಿನಕ್ಕೆ ಹತ್ತು ನಿಮಿಷಗಳ ಕಾಲ ಒಂದು ಕಾಗದದ ಚೂರನ್ನೂ ಒಂದು ಸೀಸದ ಕಡ್ಡಿಯನ್ನೂ ಹಿಡಿದು ಕುಳಿತು, ಎದುರಿಗಿರುವ ಯಾವುದಾದರೊಂದು ವಸ್ತುವಿನ ಚಿತ್ರವನ್ನು ಬರೆಯುವುದರಿಂದ ಬಳಲಿದ ಮನಸ್ಸಿಗೆ ಉಪಶಮನ ದೊರೆಯಬಲ್ಲುದೇ ಎಂಬುದೇ ಆ ವಿಷಯ. ಚಿತ್ರಕಲೆಯ ವಿಮರ್ಶೆಯನ್ನಾಗಲಿ ಮನೋವೈದ್ಯದ ಉಪದೇಶವನ್ನಾಗಲಿ ಶ್ರೋತೃಗಳು ನಮ್ಮಿಂದ ನಿರೀಕ್ಷಿಸಬಾರದು. ನಾವು ಪಾಠ ಹೇಳುವವರು. ಪರೀಕ್ಷೆಯ ತಿಂಗಳು ಸಮೀಪಿಸಿದಂತೆಲ್ಲ ನಮ್ಮೆದುರು ಕುಳಿತ ಹುಡುಗ ಹುಡುಗಿಯರ ಮುಖಗಳು ಹೇಗೆ ಬಾಡುತ್ತವೆ ಎಂಬುದನ್ನು ವರ್ಷ ವರ್ಷವೂ ನೋಡುತ್ತ ಬಂದವರು. ಅವರಲ್ಲಿ ಸೋಮಾರಿಗಳು ಕಡಮೆ. ಓದಬೇಕಾದುದು ಬೆಟ್ಟದಷ್ಟಿದೆ, ಯಾವುದನ್ನು ಮೊದಲು ಹಿಡಿಯಬೇಕೆಂಬುದು ತೋಚದು, ಹಿಡಿದ ಪುಸ್ತಕದ ಒಂದೇ ಪುಟವನ್ನು ಕಣ್ಣು ಮತ್ತೆ ಮತ್ತೆ ಓಡುತ್ತದೆ, ತಲೆಗೆ ಒಂದಕ್ಷರವೂ ಹತ್ತದು. ಇದೇ ಅವಸ್ಥೆಯನ್ನು ಕಚೇರಿಯ ಗುಮಾಸ್ತರಲ್ಲಿಯೂ, ರೋಗಿಯ ಮಗ್ಗುಲಲ್ಲಿ ಕುಳಿತ ಮನೆಯವರಲ್ಲಿಯೂ, ಸಾಲದ ಲೆಕ್ಕವನ್ನು ಕೂಡಿ ಕಳೆಯುವ ಯಜಮಾನರಲ್ಲಿಯೂ ಕಾಣಬಹುದು. ಇಂಥವರಿಗೆ 'ಚಿಂತೆ ಬಿಡಿ' ಎಂದು ಹೇಳುವುದು ನೀರಿನಲ್ಲಿ ಬಿದ್ದವನಿಗೆ 'ಒದ್ದೆಯಾಗಬೇಡ' ಎಂದು ಹೇಳಿದಂತೆಯೇ ಸರಿ. ಕೈಗೆ ಏನಾದರೂ ಕೊಡಬೇಕು.

ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಕ್ರಿಯಾಪದ ಒಂದೇ. ಚಿತ್ರವನ್ನು ಬಿಡಿಸುವುದು ಎಂದೂ ಹೇಳುವುದುಂಟು. ಗಂಟನ್ನು ಬಿಡಿಸುವುದಕ್ಕೂ ಸೆರೆಯನ್ನು ಬಿಡಿಸುವುದಕ್ಕೂ ಇದೇ ಮಾತು. ಆದರೆ ಶಬ್ದಗಳ ಸಾಮ್ಯದಿಂದ ಸಿದ್ಧಾಂತವನ್ನು ಕಟ್ಟಹೊರಡುವುದು ಅಪಾಯದ ಕೆಲಸವೆಂದು ನಾವೇ ತರಗತಿಯಲ್ಲಿ ಹೇಳುತ್ತಿರುವುದರಿಂದ ಈ ಮಾತನ್ನು ಇಲ್ಲಿಗೇ ಬಿಟ್ಟು ಪ್ರಕೃತಕ್ಕೆ ಬರೋಣ.

ಭಟ್ಕಳ, ಹೊನ್ನಾವರ, ಕುಮಟೆ ಎಂಬ ಉತ್ತರ ಕನ್ನಡ ಜಿಲ್ಲೆಯ ಮೂರು ಊರುಗಳು ಒಂದರ ಬಡಗಣಕ್ಕೆ ಮತ್ತೊಂದಾಗಿ, ಸುಮಾರು 60 ಕಿಲೋಮೀಟರುಗಳ ಅಂತರದೊಳಗೆ ಕಡಲ ಬದಿಯಲ್ಲಿ ಕುಳಿತಿವೆ. ನಮ್ಮ ಉದಾಹರಣೆಗಳನ್ನು ನಾವು ಅಲ್ಲಿಂದಲೇ ತೆಗೆದುಕೊಳ್ಳುತ್ತೇವೆ. ಅದಕ್ಕೆ ಕಾರಣವುಂಟು. ಅಲ್ಲಿಯ ಜನಕ್ಕೆ ಮನಸ್ಸಿನ ಭಾರವೆಂಬುದು ಪುಸ್ತಕದ ಮಾತಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿದ ಮಳೆ ಸುರಿಯುವ ಸೀಮೆ ಅದು; ಆ ಮಳೆಯ ಬಹುಭಾಗವು ನಾಲ್ಕೇ ತಿಂಗಳಲ್ಲಿ ಸುರಿದುಹೋಗುವುದರಿಂದ ಮನುಷ್ಯರು ದಿನಗಟ್ಟಲೆ ಸೂರಿನಡಿಯಲ್ಲಿ ಸೆರೆಯಾಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಂತ್ರದ ದೋಣಿಗಳು ಮೀನುಗಾರಿಕೆಗೆ ಕಡಲಿಗಿಳಿಯುವಂತಿಲ್ಲ. ಬೆಸ್ತರ ಕೇರಿಗಳಲ್ಲಿ ಬಲೆ ಹೊಸೆಯುವ ಕೈಗಳು ಬಲೆಯನ್ನೂ ಲೆಕ್ಕವನ್ನೂ ಒಟ್ಟಿಗೆ ಹೊಸೆಯುತ್ತವೆ. ಭಟ್ಕಳದ ಎಷ್ಟೋ ಮನೆಗಳಲ್ಲಿ ದುಡಿಯುವ ಗಂಡಸು ಕಡಲಾಚೆಯ ಕೊಲ್ಲಿಯ ನಾಡುಗಳಲ್ಲಿದ್ದಾನೆ. ಅವನ ಫೋನು ಬಾರದ ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ.

ಇನ್ನೊಂದು ಕಾರಣವೇನೆಂದರೆ, ನಾವು ಇಂದು ಹೊಸದೆಂಬಂತೆ ಹೇಳುತ್ತಿರುವ ಈ ಅಭ್ಯಾಸವು ಅಲ್ಲಿ ಹಳೆಯದು. ಈ ಸೀಮೆಯ ಹಳೆಯ ಮನೆಗಳಲ್ಲಿ ನೆಲವನ್ನು ಸಾರಿಸಿ, ಗೋಡೆಯ ಬುಡಕ್ಕೆ ಕೆಮ್ಮಣ್ಣನ್ನು ಬಳಿದು, ಅದರ ಮೇಲೆ ಶೇಡಿಯೆಂಬ ಬಿಳಿಯ ಮಣ್ಣಿನಿಂದ ಗೆರೆಗಳನ್ನೆಳೆಯುವ ವಾಡಿಕೆಯಿತ್ತು. ಕೆಲವೆಡೆ ಈಗಲೂ ಹಬ್ಬದ ಹೊತ್ತಿಗೆ ಉಂಟು. ಹೊಸ್ತಿಲ ಮುಂದಣ ರಂಗೋಲಿಯಂತೂ ಕನ್ನಡನಾಡಿಗೆಲ್ಲ ಸಾಮಾನ್ಯವಾದುದು. ಈ ರಂಗೋಲಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದನ್ನು ಬರೆಯುವವಳಿಗೆ ಕಾಲವು ಮಿತವಾದುದು: ಒಲೆ ಕಾಯುತ್ತಿರುತ್ತದೆ. ಏನು ಬರೆಯಲಿ ಎಂಬ ತೊಳಲಾಟವೂ ಅವಳಿಗಿಲ್ಲ. ಮೊದಲು ಚುಕ್ಕಿಗಳನ್ನಿಡುತ್ತಾಳೆ, ಆಮೇಲಿನ ಗೆರೆಯು ಚುಕ್ಕಿಯಿಂದ ಚುಕ್ಕಿಗೆ ತಾನೇ ದಾರಿಯನ್ನು ಕಂಡುಕೊಳ್ಳುತ್ತದೆ. ಬರೆದಾದ ಮೇಲೆ ಅದನ್ನು ಕಾಪಾಡುವ ಕಾಳಜಿಯೂ ಇಲ್ಲ. ಹತ್ತು ಗಂಟೆಯ ಹೊತ್ತಿಗೆ ಹಾಲಿನವನ ಕಾಲು, ಕರುವಿನ ಗೊರಸು, ಮಳೆಯ ಎರಚಲು ಅದನ್ನು ಅಳಿಸಿರುತ್ತವೆ. ಯಾರೂ ಅದಕ್ಕೆ ಅಂಕ ಕೊಡುವುದಿಲ್ಲ. ನಾಳೆ ಬೆಳಗ್ಗೆ ನೆಲ ಮತ್ತೆ ಬರಿದಾಗಿರುತ್ತದೆ.

ಹಾಗೆಂದು ಹಿಂದಿನ ಕಾಲವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಕೋಳಿ ಕೂಗುವುದಕ್ಕೆ ಮೊದಲು ಎದ್ದು ನೀರು ಹೊತ್ತು ಅಂಗಳ ಗುಡಿಸಿದ ಹೆಣ್ಣುಮಗಳ ಎದುರು ನಿಂತು, 'ತಾಯಿ, ನಿನ್ನ ರಂಗೋಲಿ ಮನಶ್ಶಾಂತಿಯ ಸಾಧನ' ಎಂದು ನಾವು ಹೇಳಹೊರಟರೆ ಆಕೆ ನಕ್ಕಾಳು. ಅದು ಕರ್ತವ್ಯವಾಗಿತ್ತು, ಎಷ್ಟೋ ಸಲ ಹೊರೆಯೂ ಆಗಿತ್ತು. ಆದರೂ ಆ ಇಡೀ ದಿನದ ದುಡಿಮೆಯಲ್ಲಿ ಬೇರೊಬ್ಬರ ಹೊಟ್ಟೆಗಲ್ಲದೆ, ಬೇರೊಬ್ಬರ ಬಟ್ಟೆಗಲ್ಲದೆ, ತನ್ನ ಕಣ್ಣಿಗಾಗಿ ಅವಳು ಮಾಡುತ್ತಿದ್ದ ಕೆಲಸ ಅದೊಂದೇ ಇದ್ದಿತೇನೋ. ಈಚೆಗೆ ಅಂಗಡಿಗಳಲ್ಲಿ ಅಂಟಿಸುವ ರಂಗೋಲಿ ದೊರೆಯುತ್ತದೆ. ಒಮ್ಮೆ ಅಂಟಿಸಿದರೆ ಬಹುಕಾಲ ನಿಲ್ಲುತ್ತದೆ. ಹೊಸ್ತಿಲಿಗೆ ಚಿತ್ರ ದೊರೆಯಿತು, ಬರೆಯುವವಳಿಗೆ ದೊರೆಯುತ್ತಿದ್ದುದು ಹೋಯಿತು.

ಗಂಡಸರ ಕೈಯಲ್ಲಿಯೂ ಇಂಥದೇ ಒಂದು ಅಭ್ಯಾಸವಿತ್ತು. ಗೋವೆಯಿಂದ ಈ ಕರಾವಳಿಯವರೆಗೆ ದೇವಾಲಯಗಳ ಗೋಡೆಗಳ ಮೇಲೆ ಕಾವಿ ಕಲೆಯೆಂಬ ಕೆಂಪು ಬಿಳುಪಿನ ಚಿತ್ರಗಳನ್ನು ಶ್ರೋತೃಗಳಲ್ಲಿ ಕೆಲವರಾದರೂ ನೋಡಿರಬಹುದು. ಕಡಲ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣಕ್ಕೆ ಮರಳನ್ನೂ ಬೆಲ್ಲದ ನೀರನ್ನೂ ಸೇರಿಸಿ ಹದಗೊಳಿಸಿ ಗೋಡೆಗೆ ಗಾರೆ ಮಾಡುತ್ತಾರೆ. ಅದರ ಮೇಲೆ ಕಾವಿಮಣ್ಣಿನ ತೆಳುವಾದ ಪದರವನ್ನು ಬಳಿದು ನುಣ್ಣನೆಯ ಕಲ್ಲಿನಿಂದ ಉಜ್ಜುತ್ತಾರೆ. ಗಾರೆಯು ಇನ್ನೂ ಹಸಿಯಾಗಿರುವಾಗಲೇ ಕಬ್ಬಿಣದ ಮೊನೆಯಿಂದ ಕೆಂಪನ್ನು ಕೆರೆದರೆ ಒಳಗಿನ ಬಿಳುಪು ಗೆರೆಯಾಗಿ ಮೂಡುತ್ತದೆ. ಗಾರೆ ಒಣಗಿತೋ, ಅಂದಿನ ಕೆಲಸ ಮುಗಿಯಿತು. ಆದುದರಿಂದ ಒಂದು ದಿನಕ್ಕೆ ಎಷ್ಟು ಕೆರೆಯಲು ಸಾಧ್ಯವೋ ಅಷ್ಟೇ ಗಾರೆ ಹಾಕಬೇಕು. ಕಾಲದ ಮಿತಿಯನ್ನು ಸುಣ್ಣವೇ ವಿಧಿಸುತ್ತಿತ್ತು. ಇದು ಅವರ ಹೊಟ್ಟೆಪಾಡೇ ಹೊರತು ವಿಶ್ರಾಂತಿಯಲ್ಲವೆಂಬುದು ದಿಟ. ಆದರೆ 'ಇಂದು ಇಷ್ಟು ಮೊಳ, ಇದರಾಚೆಗೆ ನನ್ನ ಹೊಣೆಯಿಲ್ಲ' ಎಂಬ ನಿಶ್ಚಯದಿಂದ ಕೆಲಸ ಮಾಡುವ ಭಾಗ್ಯವು ಇಂದಿನ ಎಷ್ಟು ಮಂದಿ ವಿದ್ಯಾವಂತರಿಗೆ ಉಂಟು? ಈ ಕಲೆಯನ್ನು ಊರೂರು ಅಲೆದು ಹುಡುಕಿ ದಾಖಲಿಸಿದವರು ಕೃಷ್ಣಾನಂದ ಕಾಮತರು. 1934ರಲ್ಲಿ ಹೊನ್ನಾವರದಲ್ಲಿ ಹುಟ್ಟಿ 2002ರಲ್ಲಿ ತೀರಿಕೊಂಡ ಕಾಮತರು ಅಭ್ಯಾಸದಿಂದ ವಿಜ್ಞಾನಿಗಳು. ಆದರೂ ಕ್ಯಾಮೆರದಷ್ಟೇ ರೇಖೆಯನ್ನೂ ನಂಬಿದವರು. ಜೀರ್ಣೋದ್ಧಾರದ ಹೆಸರಿನಲ್ಲಿ ಈ ಗೋಡೆಗಳನ್ನು ಕೆಡವಿ ಬಣ್ಣ ಬಳಿದಿರುವುದನ್ನು ನೋಡಿದಾಗ ನಮಗೆ ಆಗುವ ಸಂಕಟವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದು ಬೇರೆಯೇ ಒಂದು ಭಾಷಣದ ವಿಷಯ.

ಈಗ ವಿಜ್ಞಾನಿಗಳು ಏನು ಹೇಳುತ್ತಾರೆ ನೋಡೋಣ. 2005ರಲ್ಲಿ ಅಮೆರಿಕೆಯ ಕರಿ ಮತ್ತು ಕ್ಯಾಸರ್ ಎಂಬಿಬ್ಬರು ಪರೀಕ್ಷಕರು 84 ಮಂದಿ ವಿದ್ಯಾರ್ಥಿಗಳಿಗೆ, ಅವರವರ ಜೀವನದಲ್ಲಿ ಭಯವುಂಟುಮಾಡಿದ ಒಂದು ಸಂಗತಿಯನ್ನು ಬರೆಯಹೇಳಿ, ಅವರ ಮನಸ್ಸನ್ನು ಮೊದಲು ಕಲಕಿದರು. ಅನಂತರ 20 ನಿಮಿಷ ಬಣ್ಣ ತುಂಬುವ ಕೆಲಸ ಕೊಟ್ಟರು. ಕೆಲವರಿಗೆ ಮಂಡಲದ ಆಕೃತಿ, ಕೆಲವರಿಗೆ ಚೌಕುಳಿಯ ಬಟ್ಟೆಯಂಥ ಆಕೃತಿ, ಉಳಿದವರಿಗೆ ಬರಿಯ ಬಿಳಿಯ ಹಾಳೆ. ಮಂಡಲದವರಿಗೂ ಚೌಕುಳಿಯವರಿಗೂ ಉದ್ವೇಗ ಇಳಿಯಿತು. ಬಿಳಿಯ ಹಾಳೆಯವರಿಗೆ ಅಷ್ಟಾಗಿ ಇಳಿಯಲಿಲ್ಲ. ಈ ಫಲಿತಾಂಶವನ್ನು ಓದಿದಾಗ ನಮಗೆ ಮೊದಲು ನೆನಪಾದುದು ರಂಗೋಲಿಯ ಚುಕ್ಕಿಗಳು. ಗೊಂದಲಗೊಂಡ ಮನಸ್ಸಿಗೆ 'ಏನು ಬೇಕಾದರೂ ಮಾಡು' ಎಂಬ ಸ್ವಾತಂತ್ರ್ಯವು ಮತ್ತೊಂದು ಹೊರೆಯಾಗುತ್ತದೆ. ಅದಕ್ಕೆ ಬೇಕಾದುದು ಚಿಕ್ಕದೊಂದು ಅಂಗಳ, ಅದರೊಳಗೆ ಕೆಲವು ಚುಕ್ಕಿ.

2016ರಲ್ಲಿ ಗಿರಿಜಾ ಕೈಮಲ್ ಎಂಬ ವಿದುಷಿಯೂ ಅವರ ಸಂಗಡಿಗರೂ ಅಮೆರಿಕೆಯ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದಲ್ಲಿ ಇನ್ನೊಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. 39 ಮಂದಿ ವಯಸ್ಕರು 45 ನಿಮಿಷ ಚಿತ್ರ, ಜೇಡಿಮಣ್ಣು, ಕಾಗದದ ಅಂಟುಗೆಲಸ ಮುಂತಾದುವನ್ನು ಮಾಡಿದರು. ಕೆಲಸದ ಮೊದಲೂ ಆಮೇಲೂ ಅವರ ಜೊಲ್ಲನ್ನು ತೆಗೆದು, ಉದ್ವೇಗದ ಕಾಲದಲ್ಲಿ ಶರೀರದಲ್ಲಿ ಹೆಚ್ಚುವ ಕಾರ್ಟಿಸಾಲ್ ಎಂಬ ದ್ರವ್ಯವನ್ನು ಅಳೆದರು. ನಾಲ್ವರಲ್ಲಿ ಸುಮಾರು ಮೂವರಲ್ಲಿ ಅದು ಇಳಿದಿತ್ತು. ಚಿತ್ರ ಬರುವವರಿಗೆ ಹೆಚ್ಚು, ಬಾರದವರಿಗೆ ಕಡಮೆ ಎಂಬ ಭೇದವೂ ಕಾಣಲಿಲ್ಲ. ನಮ್ಮ ಪಾಲಿಗೆ ಬಹು ಉಪಕಾರದ ಮಾತು ಇದು. ಆದರೆ ಈ ಪರೀಕ್ಷೆಯಲ್ಲಿ ಸುಮ್ಮನೆ ಕುಳಿತವರ ಗುಂಪೊಂದನ್ನು ಹೋಲಿಕೆಗಾಗಿ ಇಟ್ಟುಕೊಂಡಿರಲಿಲ್ಲವೆಂಬುದನ್ನೂ, ಕಾರ್ಟಿಸಾಲ್ ಹೊತ್ತು ಏರಿದಂತೆ ತಾನಾಗಿಯೂ ಇಳಿಯುವ ಸ್ವಭಾವದ್ದೆಂಬುದನ್ನೂ ಹೇಳಲೇಬೇಕು. ಪತ್ರಿಕೆಗಳ ತಲೆಬರೆಹಗಳು ಇಂಥ ಸಂಗತಿಗಳನ್ನು ಮರೆಯುತ್ತವೆ. ಪಾಠ ಹೇಳುವವರು ಮರೆಯಬಾರದು. ಈ ವಿದ್ಯೆ ಇನ್ನೂ ಎಳೆಯದು. ಹೇಳಬಹುದಾದುದಿಷ್ಟೆ: ಹಾನಿಯ ಸುಳಿವಿಲ್ಲ, ಖರ್ಚಿಲ್ಲ, ಹಲವರಿಗೆ ಹಗುರವಾಗುತ್ತದೆ.

ಅಧ್ಯಾಪಕರು ಕೇಳಬೇಕಾದ ಮತ್ತೊಂದು ಸಂಗತಿಯುಂಟು. ಪಾಠದ ನಡುವೆ ಪುಸ್ತಕದ ಅಂಚಿನಲ್ಲಿ ಗೀಚುತ್ತ ಕುಳಿತ ಹುಡುಗನನ್ನು ಎಬ್ಬಿಸಿ ನಿಲ್ಲಿಸುವುದು ನಮ್ಮ ವೃತ್ತಿಯ ಪುರಾತನ ಸಂಪ್ರದಾಯ. ಇಂಗ್ಲೆಂಡಿನ ಜ್ಯಾಕಿ ಆಂಡ್ರೇಡ್ ಎಂಬವರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ಮಂದಿಗೆ ಬೇಸರದ ಒಂದು ಧ್ವನಿಮುದ್ರಿಕೆಯನ್ನು ಕೇಳಿಸಲಾಯಿತು. ಕೇಳುವಾಗ ಕಾಗದದ ಮೇಲಿನ ಆಕೃತಿಗಳಿಗೆ ಗೀಟೆಳೆದು ತುಂಬುತ್ತಿದ್ದವರು ಸುಮ್ಮನೆ ಕುಳಿತವರಿಗಿಂತ ಶೇಕಡ 29ರಷ್ಟು ಹೆಚ್ಚಾಗಿ ನೆನಪಿಟ್ಟುಕೊಂಡಿದ್ದರು. ಕೈಗೆ ಅಲ್ಪವಾದ ಕೆಲಸವಿದ್ದರೆ ಮನಸ್ಸು ದೂರ ಅಲೆಯುವುದಿಲ್ಲವೆಂದು ಊಹಿಸಬಹುದು. ನಮ್ಮ ಪಾಠ ಬೇಸರದ ಧ್ವನಿಮುದ್ರಿಕೆಗೆ ಸಮಾನವೆಂದು ಇದರಿಂದ ಯಾರೂ ತರ್ಕಿಸಬೇಕಾಗಿಲ್ಲ.

ಹೊರಗಿನ ನಾಡುಗಳಲ್ಲಿ ಈ ವಿಷಯಕ್ಕೆ ಹೆಸರಿಟ್ಟವನು ಏಡ್ರಿಯನ್ ಹಿಲ್ ಎಂಬ ಇಂಗ್ಲಿಷ್ ಚಿತ್ರಕಾರ. 1938ರಲ್ಲಿ ಕ್ಷಯರೋಗದಿಂದ ಆರೋಗ್ಯಧಾಮದಲ್ಲಿ ಮಲಗಿದ್ದಾಗ, ಮಗ್ಗುಲಲ್ಲಿದ್ದ ಸಣ್ಣ ವಸ್ತುಗಳನ್ನು ಬರೆಯುತ್ತ ಬೇಸರವನ್ನು ಕಳೆದನು. ಆಮೇಲೆ ಇತರ ರೋಗಿಗಳಿಗೂ ಅದನ್ನು ಕಲಿಸಿದನು. 1945ರಲ್ಲಿ ಇದನ್ನು ಕುರಿತು ಪುಸ್ತಕವನ್ನೂ ಪ್ರಕಟಿಸಿದನು. ನಮ್ಮವರೇ ಆದ ರವೀಂದ್ರನಾಥ ಠಾಕೂರರ ಸಂಗತಿ ಇನ್ನೂ ಸ್ವಾರಸ್ಯವಾದುದು. 1883ರ ಸುಮಾರಿಗೆ, ಇಪ್ಪತ್ತು ದಾಟಿದ ಯುವಕರಾಗಿ, ಅವರು ಇದೇ ಜಿಲ್ಲೆಯ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲಕಾಲ ಇದ್ದರು. ಅಂದು ಆ ಕಡಲನ್ನು ನೋಡಿ ಬರೆದುದು ನಾಟಕವನ್ನು, ಚಿತ್ರವನ್ನಲ್ಲ. ಸುಮಾರು ನಾಲ್ವತ್ತು ವರ್ಷ ಕಳೆದ ಮೇಲೆ, ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಮಾತುಗಳು ಕಣ್ಣಿಗೆ ಚುಚ್ಚುತ್ತವೆಂದು ಒಂದು ಕಾಟನ್ನು ಇನ್ನೊಂದಕ್ಕೆ ಗೆರೆಯಿಂದ ಜೋಡಿಸತೊಡಗಿದರು. ಆ ಗೆರೆಗಳು ಹಕ್ಕಿಗಳಾದವು, ಮುಖಗಳಾದವು. 1930ರಲ್ಲಿ ಅವರ ಚಿತ್ರಗಳು ಪ್ಯಾರಿಸ್ ನಗರದಲ್ಲಿ ಪ್ರದರ್ಶಿತವಾದವು. ಪ್ರದರ್ಶನದ ಮಾತು ನಮಗೆ ಮುಖ್ಯವಲ್ಲ. ತಪ್ಪಾದ ಸಾಲುಗಳ ಮೇಲೆ ಕೊರಗುವುದರ ಬದಲು ಅವುಗಳನ್ನೇ ಚುಕ್ಕಿಗಳನ್ನಾಗಿ ಮಾಡಿಕೊಂಡುದನ್ನು ಗಮನಿಸಬೇಕು.

ಇನ್ನು ಮಾಡುವ ಕ್ರಮ. ಗಡಿಯಾರವನ್ನು ನೋಡಿ ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಉತ್ಸಾಹ ಬಂದಿತೆಂದು ಒಂದು ಗಂಟೆ ಕುಳಿತರೆ ಮರುದಿನ ಕುಳಿತುಕೊಳ್ಳಲು ಮನಸ್ಸಾಗದು, ಮಾಡಬೇಕಾದ ಕೆಲಸವೂ ಬಾಕಿಯಾಗಿ ಹೊಸ ಚಿಂತೆ ಹುಟ್ಟೀತು. ವಸ್ತು ಒಂದೇ ಇರಲಿ, ಚಿಕ್ಕದಿರಲಿ. ಕಿಮೋನ್ ನಿಕೊಲಾಯಿಡೀಸ್ ಎಂಬ ಅಮೆರಿಕದ ಚಿತ್ರಶಿಕ್ಷಕನ ಪುಸ್ತಕವು ಅವನು ತೀರಿಕೊಂಡ ಮೇಲೆ 1941ರಲ್ಲಿ ಹೊರಬಂದಿತು. ಅದರಲ್ಲಿರುವ ಒಂದು ಅಭ್ಯಾಸವು ನಮ್ಮ ಕೆಲಸಕ್ಕೆ ಬಹಳ ಒದಗುತ್ತದೆ: ಕಾಗದವನ್ನು ನೋಡಕೂಡದು, ವಸ್ತುವನ್ನೇ ನೋಡಬೇಕು. ಕಡ್ಡಿಯ ಮೊನೆ ಆ ವಸ್ತುವಿನ ಅಂಚನ್ನೇ ಮುಟ್ಟುತ್ತಿದೆಯೆಂದು ಭಾವಿಸಿ, ಅಂಚಿನುದ್ದಕ್ಕೂ ಕಣ್ಣು ಇರುವೆಯಂತೆ ಹರಿದಾಡಬೇಕು. ಕಣ್ಣು ಹರಿದಷ್ಟೇ ಕೈ ಹರಿಯಬೇಕು. ಚಿತ್ರವು ವಕ್ರವಾಗಿಯೇ ಬರುತ್ತದೆ, ಸಂಶಯವಿಲ್ಲ. ಆದರೆ ಆ ಹತ್ತು ನಿಮಿಷ ಕಣ್ಣು ಹೊರಗಿರುತ್ತದೆ. ಚಿಂತೆಯ ಸ್ವಭಾವವೇನೆಂದರೆ ಅದು ಮುಂದಿನದನ್ನೋ ಹಿಂದಿನದನ್ನೋ ಕುರಿತದ್ದು. ಎಲೆಯ ಅಂಚಾದರೋ ಈಗ ಇಲ್ಲಿರುವುದು. ಎರಡರ ಮೇಲೂ ಒಟ್ಟಿಗೆ ಸವಾರಿ ಮಾಡುವುದು ಕಷ್ಟ.

ಭಟ್ಕಳದವರಿಗೆ ಮಲ್ಲಿಗೆಯ ಮೊಗ್ಗಿಗೆ ಬರವಿಲ್ಲ. ಒಂದು ಮೊಗ್ಗು, ಅದರ ತೊಟ್ಟು, ತೊಟ್ಟಿನ ಬಳಿಯ ಎಳೆಗಳು: ಹತ್ತು ನಿಮಿಷಕ್ಕೆ ಇದು ಸಾಕಷ್ಟೇ ಅಲ್ಲ, ಮಿಗಿಲು. ಊರಿನ ಕೇತಪೈ ನಾರಾಯಣ ದೇವಾಲಯವು ಹದಿನಾರನೆಯ ಶತಮಾನದ್ದು. ಅದರ ಗೋಡೆಯ ಮೇಲೆ ರಾಮಾಯಣದ ಪ್ರಸಂಗಗಳನ್ನು ಸಣ್ಣ ಸಣ್ಣ ಆಕೃತಿಗಳಲ್ಲಿ ಕೆತ್ತಿದ್ದಾರೆ. ಇಡೀ ದೇವಾಲಯವನ್ನು ಬರೆಯಹೋಗುವವನು ಸೋಲುತ್ತಾನೆ. ಒಬ್ಬ ಕಪಿಯ ಬಾಲವನ್ನು ಮಾತ್ರ ಬರೆಯುವವನು ಗೆದ್ದುಬರುತ್ತಾನೆ. ಹೊನ್ನಾವರದಲ್ಲಿ ಶರಾವತಿಯು ಕಡಲನ್ನು ಸೇರುವಲ್ಲಿ ನಿಂತರೆ ಎದುರಿಗೆ ದೋಣಿಗಳ ಮೂಗು. ನೀರನ್ನು ಬರೆಯುವ ಸಾಹಸ ಬೇಡ. ಮೂಗಿನ ಬಾಗು ಒಂದೇ ಗೆರೆ, ಅದನ್ನು ಹತ್ತು ಸಲ ಬರೆಯಬಹುದು. ಕುಮಟೆಯ ಬಳಿ ಅಘನಾಶಿನಿಯ ಅಳಿವೆಯಲ್ಲಿ ಹೆಂಗಸರು ಬೆಳಚನ್ನು ಆರಿಸುತ್ತಾರೆ. ಆ ಚಿಪ್ಪಿನ ಬೆನ್ನ ಮೇಲೆ ಒಂದರೊಳಗೊಂದು ಅರೆವೃತ್ತಗಳಿವೆ. ಚಿಪ್ಪು ಬೆಳೆದಂತೆ ಮೂಡಿದ ಗೆರೆಗಳವು. ಹೊರಗಿನ ಗೆರೆಯಿಂದ ಒಳಗಿನದಕ್ಕೆ ಒಂದೊಂದಾಗಿ ಬರೆಯುತ್ತ ಹೋದರೆ ಉಸಿರು ತಾನಾಗಿಯೇ ನಿಧಾನವಾಗುವುದನ್ನು ಗಮನಿಸಬಹುದು. ಈ ಕುಮಟೆ ಹೊನ್ನಾವರಗಳ ಕಡೆಯ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಅವರೂ ಮೊದಲು ಕಾಗದದಲ್ಲಿ ಚಿತ್ರ ಬರೆದು ಮರಕ್ಕೆ ಅಂಟಿಸಿಕೊಂಡೇ ಉಳಿ ಹಿಡಿಯುವ ಪದ್ಧತಿ. ಅವರ ಗೆರೆ ಕೆಡಕೂಡದು, ಗಂಧದ ಬೆಲೆ ಅಂಥದು. ನಮ್ಮ ಗೆರೆ ಕೆಟ್ಟರೆ ಕಾಗದದ ಚೂರು ಹೋದೀತು, ಅಷ್ಟೆ.

'ನಮಗೆ ಚಿತ್ರ ಬರುವುದಿಲ್ಲವಲ್ಲ' ಎಂದು ಹಲವರು ಹೇಳುತ್ತಾರೆ. ಸ್ನಾನದ ಮನೆಯಲ್ಲಿ ಹಾಡಿಕೊಳ್ಳುವವರು ಸಂಗೀತ ಬರುವುದೇ ಎಂದು ಯಾರನ್ನೂ ಕೇಳುವುದಿಲ್ಲ. ಇದಕ್ಕಿಂತ ನಮಗೆ ಹೆಚ್ಚು ಭಯವಿರುವುದು ಚಿತ್ರ ಬರುವವರ ವಿಷಯದಲ್ಲಿ. ಬರೆದೊಡನೆಯೇ ಮೊಬೈಲಿನಲ್ಲಿ ಹಿಡಿದು ಹತ್ತು ಜನರಿಗೆ ಕಳುಹಿಸಿ, ಅವರ ಮೆಚ್ಚುಗೆಗಾಗಿ ಕಾಯುತ್ತ ಕುಳಿತರೆ ಒಂದು ಪರೀಕ್ಷೆಯ ಜೊತೆಗೆ ಇನ್ನೊಂದನ್ನು ಕಟ್ಟಿಕೊಂಡಂತಾಯಿತು. ತಂದೆತಾಯಿಗಳಲ್ಲಿಯೂ ಒಂದು ವಿಜ್ಞಾಪನೆ: ಓದುವ ಮೇಜಿನ ಮೇಲೆ ಅರ್ಧ ಬರೆದ ಚಿಪ್ಪಿನ ಚಿತ್ರವನ್ನು ಕಂಡು 'ಕಾಲಹರಣ'ವೆಂದು ಹರಿದುಹಾಕಬೇಡಿ, 'ಎಷ್ಟು ಚೆನ್ನಾಗಿದೆ, ಸ್ಪರ್ಧೆಗೆ ಕಳುಹಿಸೋಣ' ಎಂದೂ ಹೇಳಬೇಡಿ. ಎರಡನೆಯದು ಮೊದಲನೆಯದಕ್ಕಿಂತ ಕಡಮೆ ಅಪಾಯದ್ದೇನೂ ಅಲ್ಲ.

ಈ ಸಾಧನದ ಎಲ್ಲೆಯನ್ನೂ ಸ್ಪಷ್ಟವಾಗಿ ಹೇಳಿಬಿಡಬೇಕು. ದಿನದ ಬಳಲಿಕೆಗೆ, ಗೊಂದಲಕ್ಕೆ, ನಿದ್ರೆಗೆ ಮುಂಚಿನ ತಳಮಳಕ್ಕೆ ಇದು ಒದಗೀತು. ವಾರಗಟ್ಟಲೆ ಊಟ ಸೇರದೆ, ನಿದ್ರೆ ಬಾರದೆ, ಬದುಕೇ ಬೇಡವೆನ್ನಿಸುತ್ತಿರುವವರ ಕೈಗೆ ಸೀಸದ ಕಡ್ಡಿಯನ್ನು ಕೊಟ್ಟು ಸುಮ್ಮನಾಗುವುದು ಅಪರಾಧ. ಅಂಥವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿಯ ಸೇವೆಯೂ ಉಂಟು. ಅದರ ಸಂಖ್ಯೆ 14416, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ನಮ್ಮ ಭಾಷಣದ ಉಳಿದ ಭಾಗವನ್ನು ಮರೆತರೂ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಕಡೆಯದಾಗಿ ಸಾಮಗ್ರಿಯ ಮಾತು. ಘಟ್ಟದ ಮೇಲಿನವರಿಗೆ ಯಾವ ಕಾಗದವಾದರೂ ನಡೆದೀತು. ಕರಾವಳಿಯ ಆಷಾಢದಲ್ಲಿ ಕಾಗದವು ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಗಟ್ಟಿ ಸೀಸದ ಕಡ್ಡಿ ಅದನ್ನು ಹರಿಯುತ್ತದೆ, ಶಾಯಿ ಹರಡುತ್ತದೆ. 2ಬಿ ಎಂಬ ಮೆದು ಸೀಸದ ಕಡ್ಡಿಯೂ, ತವರದ ಡಬ್ಬಿಯಲ್ಲಿ ಮುಚ್ಚಿಟ್ಟ ಸಣ್ಣ ಸಣ್ಣ ಹಾಳೆಗಳೂ ಅಲ್ಲಿ ಒಳ್ಳೆಯವು. ಅದೂ ಇಲ್ಲದಿದ್ದರೆ ಮಕ್ಕಳ ಹಳೆಯ ಕಲ್ಲಿನ ಸ್ಲೇಟು ಅಟ್ಟದ ಮೇಲೆ ಎಲ್ಲಿಯಾದರೂ ಇದ್ದೀತು. ಅದನ್ನು ಒರೆಸಲು ಮಾಡಿನ ನೀರು ಧಾರಾಳವಾಗಿದೆ.